ಐದೂವರೆ ಇಂಚಿನ ರಿಮ್ಮು

ಪೂಜೆ ಆದ ಗಾಡಿಯ ಚಕ್ರ ಬಿಚ್ಚಬಾರದು ಅನ್ನೋದು ಸರ್ವಮಂಗಳಮ್ಮನ ಮನೆಯ ಕಟ್ಟಲೆ. ಬೇರೆ ಯಾರ ಮನೆಯಲ್ಲಿ ಇಂಥದ್ದು ಇದೆಯೋ ಇಲ್ಲವೋ, ತುಮಕೂರಿನ ಸದಾಶಿವನಗರದ ಆ ಮನೆಯಲ್ಲಂತೂ ಇತ್ತು. ಅವರ ಯಜಮಾನರು ಮಹಾದೇವಯ್ಯನವರು ಬದುಕಿದ್ದಾಗ ಒಂದು ಲಾರಿ ಇಟ್ಟಿದ್ದರು. ಒಂದು ವರ್ಷ ಆಯುಧಪೂಜೆಗೆ ವಿಭೂತಿ ಬಳಿದು, ಹೂವು ಮುಡಿಸಿ, ನಿಂಬೆಹಣ್ಣು ಇಟ್ಟು ಇನ್ನೇನು ಹೊರಡಬೇಕು ಅನ್ನುವಾಗ ಡ್ರೈವರಿಗೆ ಏನೋ ಸಂಶಯ ಬಂದು ಹಿಂದಿನ ಚಕ್ರ ಬಿಚ್ಚಿದನಂತೆ. ವಾಪಸ್ ಹಾಕುವಾಗ ಅವಸರ ಮಾಡಿದನಂತೆ. ಗುಬ್ಬಿ ದಾಟುವಷ್ಟರಲ್ಲಿ ಚಕ್ರ ಲಾರಿಯನ್ನು ಹಿಂದೆ ಹಾಕಿ ತಾನೇ ಮುಂದೆ ಹೋಯಿತಂತೆ. ಯಾರಿಗೂ ಏನೂ ಆಗಲಿಲ್ಲ. ತಪ್ಪು ಅವಸರದ್ದೋ ಬಿಚ್ಚಿದ್ದರದ್ದೋ ಅಂತ ಯಾರೂ ತರ್ಕ ಮಾಡಲಿಲ್ಲ. ಅವತ್ತಿನಿಂದ ಕಟ್ಟಲೆ ನಿಂತಿತು. ಪೂಜೆ ಆದ ಗಾಡಿ ಬಾಗಿಲಿಂದ ಹೊರಟು, ಹೋಗಬೇಕಾದ ಕಡೆ ಹೋಗಿ, ಮನೆಗೆ ಬಂದು ಸೇರುವ ತನಕ ಅದರ ಚಕ್ರಕ್ಕೆ ನಟ್ಟು ಬಿಚ್ಚುವ ಪಾನಾ ಮುಟ್ಟಿಸೋ ಹಾಗಿಲ್ಲ.

ಸೊಸೆ ಸುಮನಾ ಗುಬ್ಬಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ಈ ಕಥೆ ಕೇಳಿದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು. ಆದರೆ ಒಂದು ಸಲವೂ ಕಟ್ಟಲೆ ಮೀರಿದವಳಲ್ಲ. ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೇನು, ಮಾತಾಡಿದ ಅತ್ತೆಯ ಮೇಲೆ ಪ್ರೀತಿ ಇತ್ತು. ಇಡೀ ಬಳಗದಲ್ಲಿ, ಹೆಣ್ಣುಮಗಳು ಕಾರು ರೇಸಿಗೆ ಹೋಗ್ತಾಳಂತೆ ಅಂತ ಮೂಗು ಮುರಿಯದೆ ಇದ್ದವರು ಅವರೊಬ್ಬರೇ. ಪ್ರತಿ ಸಲ ಕಾರಿಗೆ ತಾವೇ ಮೂರು ಬೆರಳಲ್ಲಿ ವಿಭೂತಿ ಎಳೆದು, "ಗೆದ್ದರೂ ಬಾ, ಸೋತರೂ ಬಾ, ಒಟ್ಟು ಊಟದ ಹೊತ್ತಿಗೆ ಬಾ" ಅಂತ ಕಳಿಸುತ್ತಿದ್ದರು.

ಅವರ ಮಗ ಸೋಮಶೇಖರನಿಗೆ ಬಿ.ಎಚ್. ರಸ್ತೆಯಲ್ಲಿ ಟೈರಿನ ಅಂಗಡಿ. ಚಕ್ರದ ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಎಲ್ಲಾ ಅಲ್ಲೇ. ಸುಮನಾ ಅವನನ್ನು ಮೊದಲು ನೋಡಿದ್ದೂ ಅಲ್ಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಹಳೇ ಕಾರು ಎಡಕ್ಕೆ ಎಳೆಯುತ್ತೆ ಅಂತ ತೋರಿಸೋಕೆ ಹೋಗಿದ್ದಳು. ಅವನು ಕಾರನ್ನು ಸರಿ ಮಾಡಿ ಕೊಟ್ಟು ಸುಮ್ಮನಿರಲಿಲ್ಲ, ಯಾಕೆ ಎಳೆಯುತ್ತಿತ್ತು ಅನ್ನೋದನ್ನೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದ್ದ. ಏರು ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಅವಳಿಗೆ ಹಿಡಿಸಿದ್ದು ಅದೇ. ಮದುವೆ ಆದಮೇಲೆ ಭಾನುವಾರಗಳಲ್ಲಿ ಇಬ್ಬರೂ ಅಂಗಡಿಯ ಷಟರು ಅರ್ಧ ಇಳಿಸಿಕೊಂಡು ಟೈರು, ರಿಮ್ಮುಗಳ ನಡುವೆ ಕೂತಿರುತ್ತಿದ್ದರು. ಬೇರೆ ಗಂಡಹೆಂಡಿರು ಸಿನಿಮಾಕ್ಕೆ ಹೋಗುವ ಹೊತ್ತು ಅದು.

ಟೈರಿಗೂ ರಿಮ್ಮಿಗೂ ಇರುವ ಸಂಬಂಧ ಅವಳಿಗೆ ತಿಳಿದದ್ದು ಅವನಿಂದಲೇ. ರಿಮ್ಮಿನ ಅಗಲಕ್ಕಿಂತ ಟೈರು ತೀರಾ ಅಗಲ ಆದರೆ ಅದರ ಕೆನ್ನೆ, ಅಂದರೆ ಪಕ್ಕದ ಗೋಡೆ, ಊದಿಕೊಳ್ಳುತ್ತೆ, ತಿರುವಿನಲ್ಲಿ ಮೈ ಒಂದು ಕಡೆ, ಪಾದ ಒಂದು ಕಡೆ ಹೊರಳುತ್ತೆ. ಅಮ್ಮನ ಚಪ್ಪಲಿ ಮೆಟ್ಟಿ ಓಡುವ ಮಗು ಇದ್ದಹಾಗೆ. ಟೈರು ಕಿರಿದಾಗಿ ರಿಮ್ಮು ಅಗಲ ಆದರೆ ಕೆನ್ನೆ ಬಿಗಿದು, ಹಳ್ಳಕ್ಕೆ ಬಿದ್ದ ಏಟೆಲ್ಲ ರಿಮ್ಮಿನ ಅಂಚಿಗೇ ತಗಲುತ್ತೆ. ಬೀದಿಗೆ ಹೋಗುವ ಕಾರಿಗೆ ಕೆನ್ನೆ ಸ್ವಲ್ಪ ದುಂಡಗಿದ್ದರೆ ಒಳ್ಳೆಯದು, ಗುಬ್ಬಿ ರಸ್ತೆಯ ಹಳ್ಳದಲ್ಲಿ ರಿಮ್ಮು ಉಳಿಯುತ್ತೆ, ಸೊಂಟ ಉಳಿಯುತ್ತೆ. ಟ್ರ್ಯಾಕಿಗೆ ಹೋಗುವ ಕಾರಿಗೆ ಕೆನ್ನೆ ಗೋಡೆಯ ಥರ ನೆಟ್ಟಗೆ ನಿಲ್ಲಬೇಕು, ಸ್ಟೀರಿಂಗು ಹೇಳಿದ ಮಾತು ನೆಲಕ್ಕೆ ತಕ್ಷಣ ಮುಟ್ಟಬೇಕು. ಹಾಗಾಗಿ ಅವಳ ಕಾರಿಗೆ ಎರಡು ಸೆಟ್ಟು ಚಕ್ರ. ವಾರವೆಲ್ಲ ಗುಬ್ಬಿಗೆ ಓಡಾಡೋಕೆ ಐದೂವರೆ ಇಂಚಿನ ರಿಮ್ಮಿನ ಮೇಲೆ ಸಾದಾ ಟೈರು. ಟ್ರ್ಯಾಕಿಗೆ ಏಳಿಂಚಿನ ರಿಮ್ಮು, ಅದರ ಮೇಲೆ ಇನ್ನೂರೈದು ಮಿಲಿಮೀಟರು ಅಗಲದ ಟೈರು.

ಟ್ರ್ಯಾಕು ಅಂದರೆ ದೊಡ್ಡದೇನಲ್ಲ. ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟ ಕಾಣುವ ಹಾಗೆ, ಕ್ವಾರಿ ಮಾಲೀಕರೊಬ್ಬರು ತಮ್ಮ ಜಮೀನಲ್ಲಿ ಶೋಕಿಗೆ ಹಾಕಿಸಿದ ಡಾಂಬರು. ವರ್ಷಕ್ಕೆ ಮೂರು ಸಲ ಅಲ್ಲಿ ಪಂದ್ಯ. ಒಂದೊಂದೇ ಕಾರು ಓಡಬೇಕು, ಗಡಿಯಾರದ ಜೊತೆ ಜಗಳ. ಹೋದ ವರ್ಷ ಸುಮನಾ ಅಲ್ಲಿ ಎರಡು ಸಲ ಮೊದಲು ಬಂದಿದ್ದಳು. ಅದೇ ಕಾರಿನಲ್ಲಿ ತಮಾಷೆಗೆ ಅಂತ ಸೋಮಶೇಖರನೂ ಒಂದು ಸುತ್ತು ಹೊಡೆದಿದ್ದ. ಹೆಂಡತಿಗಿಂತ ಎರಡು ಸೆಕೆಂಡು ಹಿಂದೆ ಬಿದ್ದಿದ್ದ. ಎಲ್ಲರೂ ನಕ್ಕರು, ಅವನೂ ನಕ್ಕ.

ಈ ವರ್ಷ ಯುಗಾದಿ ಮುಗಿಯುತ್ತಿದ್ದಂತೆ ಅವನೇ ಟ್ರ್ಯಾಕಿನ ಚಕ್ರಕ್ಕೆ ಹೊಸ ಟೈರು ಹಾಕಿಸಿದ. ಹಳೇ ಬೆಳ್ಳಿ ಬಣ್ಣದ ರಿಮ್ಮಿಗೆ ಕಪ್ಪು ಬಣ್ಣ ಹೊಡೆಸಿದ್ದೀನಿ ಅಂದ. ಚೆನ್ನಾಗಿ ಕಾಣುತ್ತಿತ್ತು. ಮುಂಚೆಯೆಲ್ಲ ಅವಳು ಟ್ರ್ಯಾಕಿನ ಚಕ್ರಗಳನ್ನು ಡಿಕ್ಕಿಯಲ್ಲಿ ಹೊತ್ತೊಯ್ದು ಅಲ್ಲೇ ಬದಲಿಸುತ್ತಿದ್ದಳು, ಅತ್ತೆ ಕಾರಿನ ಚಕ್ರ ಬಿಟ್ಟು ಡಿಕ್ಕಿಯಲ್ಲಿದ್ದ ಚಕ್ರಕ್ಕೇ ವಿಭೂತಿ ಇಡುತ್ತಿದ್ದರು, ಅವನ್ನು ಒಮ್ಮೆ ಹಾಕಿದಮೇಲೆ ಮನೆ ಸೇರುವ ತನಕ ಅವಳು ಬಿಚ್ಚುತ್ತಿರಲಿಲ್ಲ. ಈ ಸಲ ಸೋಮಶೇಖರ, ಅಷ್ಟು ದೂರ ಹೋಗಿ ಬಿಸಿಲಲ್ಲಿ ಜಾಕ್ ಏರಿಸೋದು ಯಾಕೆ, ಅಂಗಡಿಯಲ್ಲೇ ಹಾಕಿ ತಂದುಬಿಡ್ತೀನಿ, ಹಾಗೇ ಓಡಿಸಿಕೊಂಡು ಹೋಗು ಅಂದ. ಪಂದ್ಯದ ಹಿಂದಿನ ದಿನ ಚಕ್ರ ಹಾಕಿ ತರೋದು, ಬೆಳಿಗ್ಗೆ ಅಮ್ಮನ ಕೈಯಲ್ಲಿ ಪೂಜೆ ಮಾಡಿಸೋದು, ಮನೆಗೆ ಬಂದ ಮಾರನೇ ದಿನ ಅಂಗಡಿಗೆ ಒಯ್ದು ಬೀದಿಯ ಚಕ್ರ ಹಾಕೋದು. ಎಷ್ಟು ಕಾಳಜಿ ಅಂತ ಅವಳು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದಳು ಕೂಡ.

ಮೊದಲನೇ ಪಂದ್ಯದಲ್ಲಿ ಅವಳು ಏಳನೆಯವಳಾದಳು. ಎರಡನೆಯದರಲ್ಲಿ ಇನ್ನೂ ಕೆಳಗೆ ಹೋದಳು. ಸ್ಟೀರಿಂಗು ತಿರುಗಿಸಿದರೆ ಕಾರು ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ತಿರುವಿನ ನಡುವೆ ಹಿಡಿತ ಇದ್ದಹಾಗೇ ಇದ್ದು ಕೈಜಾರುತ್ತಿತ್ತು. ಅವಳು ಹಾಗೆ ಹೇಳಿದಾಗ ಸೋಮಶೇಖರ ಸಮಾಧಾನದಿಂದ ಕೇಳಿಸಿಕೊಂಡ. ಟೈರಿನದ್ದೇನೂ ತೊಂದರೆ ಇಲ್ಲ, ನಿನ್ನ ಕೈ ಅವಸರ ಮಾಡ್ತಿದೆ, ಹೋದ ವರ್ಷ ಗೆದ್ದದ್ದು ತಲೆಗೆ ಏರಿರಬಹುದು ಅಂದ. ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿ ಅವಳ ಕೈಗೆ ಕೊಟ್ಟು, ಹಿಂದೆ ನಿಂತು, ಮೆಲ್ಲಗೆ, ಇನ್ನೂ ಮೆಲ್ಲಗೆ ಅಂತ ತಿದ್ದಿದ. ಅವಳು ತಿದ್ದಿಸಿಕೊಂಡಳು. ಗುಬ್ಬಿಗೆ ಹೋಗುವ ದಾರಿಯಲ್ಲೂ ತನ್ನ ಮುಂಗೈಗಳನ್ನೇ ನೋಡಿಕೊಂಡು ಓಡಿಸುತ್ತಿದ್ದಳು. ಮೂವತ್ತೈದು ದಾಟಿತಲ್ಲ, ಕಣ್ಣು ಮಂದ ಆಯಿತೇನೋ ಅಂತ ಡಾಕ್ಟರ ಹತ್ತಿರವೂ ಹೋಗಿಬಂದಳು. ಕಣ್ಣಿಗೆ ಏನೂ ಆಗಿಲ್ಲ ಅಂದರು. ಅದನ್ನು ಕೇಳಿ ಅವಳಿಗೆ ಸಮಾಧಾನದ ಬದಲು ಸಂಕಟವೇ ಆಯಿತು.

ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ತಾನಾಗಿ ಹೇಳಿದಳು. ಮೂರನೇ ಪಂದ್ಯದಲ್ಲಿ ಮೊದಲ ಮೂವರಲ್ಲಿ ಬರದಿದ್ದರೆ ಇದನ್ನೆಲ್ಲ ಬಿಟ್ಟುಬಿಡ್ತೀನಿ, ಕಾರು ಕಾಲೇಜಿಗೆ ಮಾತ್ರ. ಸರ್ವಮಂಗಳಮ್ಮ, ಯಾಕೆ ತಾಯಿ, ಸೋತೋರೆಲ್ಲ ಬಿಟ್ಟರೆ ಆಡೋರು ಯಾರು ಅಂದರು.  ಸೋಮಶೇಖರ ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದ.

ಮೂರನೇ ಪಂದ್ಯ ಒಂದು ಭಾನುವಾರ ಬಂತು. ಬೆಳಿಗ್ಗೆ ಅತ್ತೆ ನಾಲ್ಕೂ ಚಕ್ರಕ್ಕೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿದರು. ಗಂಡಹೆಂಡಿರು ಕುಣಿಗಲ್ ದಾರಿ ಹಿಡಿದು ಬಿಸಿಲೇರುವ ಮೊದಲೇ ಮೈದಾನ ಮುಟ್ಟಿದರು. ಒಬ್ಬೊಬ್ಬರಿಗೆ ಎರಡು ಓಟ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಎರಡರಲ್ಲಿ ಯಾವುದು ಚೆನ್ನಾಗಿತ್ತೋ ಅದು ಲೆಕ್ಕಕ್ಕೆ.

ಬೆಳಗಿನ ಓಟದಲ್ಲಿ ಅವಳು ಗಂಡ ಹೇಳಿಕೊಟ್ಟ ಹಾಗೇ ಕೈ ಮೆತ್ತಗೆ ಮಾಡಿದಳು. ಕಾರು ಅಂಟಂಟಾಗಿ, ಕೆಸರಿನಲ್ಲಿ ನಡೆದ ಹಾಗೆ ಸುತ್ತಿ ಬಂತು. ಬೋರ್ಡಿನಲ್ಲಿ ಒಂಬತ್ತನೇ ಹೆಸರು ಅವಳದು. ಸೋಮಶೇಖರ ಕಾರಿನ ಬಾಗಿಲು ತೆಗೆದು, ಈ ಸಲ ಕೈ ಚೆನ್ನಾಗಿತ್ತು, ಪರವಾಗಿಲ್ಲ ಬಿಡು, ಎಲ್ಲರಿಗೂ ಒಂದು ಕಾಲ ಇರುತ್ತೆ ಅಂದ. ಇಬ್ಬರಿಗೂ ಊಟ ತರ್ತೀನಿ ಅಂತ ಯಾರದೋ ಬೈಕ್ ಹತ್ತಿ ಹೋದ.

ಅವಳು ಕಾರಿನ ನೆರಳಲ್ಲಿ ಕೂತಳು. ಪಕ್ಕದಲ್ಲೇ ತ್ರಿವೇಣಿಯ ಕಾರು ನಿಂತಿತ್ತು. ತ್ರಿವೇಣಿ ಕುಣಿಗಲ್‌ನವಳು, ಹಾಲಿನ ವ್ಯಾನುಗಳನ್ನು ಇಟ್ಟಿರುವ ಗಂಗಹನುಮಯ್ಯನ ಮಗಳು. ಅಪ್ಪನ ವ್ಯಾನು ಓಡಿಸಿಯೇ ಕೈ ಪಳಗಿಸಿಕೊಂಡವಳು. ಇಬ್ಬರದೂ ಒಂದೇ ಮಾದರಿಯ ಕಾರು, ಒಂದೇ ಅಳತೆಯ ಟೈರು. ತ್ರಿವೇಣಿಯ ರಿಮ್ಮಿಗೆ ಮಾತ್ರ ಅರಿಶಿನದಂಥ ಹಳದಿ ಬಣ್ಣ. ಹೋದ ವರ್ಷ ಸುಮನಾಳ ಹಿಂದೆ ಹಿಂದೆ ಬರುತ್ತಿದ್ದ ಹುಡುಗಿ ಈ ವರ್ಷ ಮೇಲೆ ಮೇಲೆ ಹೋಗುತ್ತಿದ್ದಳು. ಈಗಲೂ ಬೋರ್ಡಿನಲ್ಲಿ ಎರಡನೆಯವಳು.

ತ್ರಿವೇಣಿ ಕಡಲೆಕಾಯಿ ಬಿಡಿಸಿ ತಿನ್ನುತ್ತಾ ಬಂದು ಸುಮನಾಳ ಕಾರಿನ ಮುಂದಿನ ಚಕ್ರ ನೋಡಿ ನಕ್ಕಳು.

"ಏನಕ್ಕಾ, ನಿನ್ ಟೈರು ಹಲ್ಲುನೋವು ಬಂದೋರಂಗೆ ಕೆನ್ನೆ ಊದಿಸ್ಕಂಡು ಕುಂತದೆ. ಗಾಳಿ ಜಾಸ್ತಿ ಆಯ್ತಾ?"

ಸುಮನಾಳೂ ನಗುತ್ತಲೇ ತಿರುಗಿದಳು. ಆಮೇಲೆ ನಗು ನಿಂತಿತು. ಎರಡು ಚಕ್ರಗಳೂ ಮಾರು ದೂರದಲ್ಲಿ ಅಕ್ಕಪಕ್ಕ ಇದ್ದವು. ತ್ರಿವೇಣಿಯ ಟೈರಿನ ಕೆನ್ನೆ ರಿಮ್ಮಿನಿಂದ ನೆಟ್ಟಗೆ ಇಳಿದಿತ್ತು. ತನ್ನದು ರಿಮ್ಮಿನ ಅಂಚನ್ನು ಮುಚ್ಚಿ ಹೊರಗೆ ಉಬ್ಬಿತ್ತು. ಹತ್ತಿರ ಹೋಗಿ ನೋಡಿದಳು. ನೆಲಕ್ಕೆ ತಾಗುವ ಹಲ್ಲುಗಳಷ್ಟೇ ಸವೆಯಬೇಕಾದ ಕಡೆ, ಕೆನ್ನೆಯ ಮೇಲಿನ ಅಕ್ಷರಗಳ ತನಕ ಉಜ್ಜಿ ಹೋಗಿತ್ತು. ಟೈರು ಅಷ್ಟು ಕೆಳಗೆ ಹೊರಳಿ ಕೆನ್ನೆಯ ಮೇಲೆ ಓಡಿದೆ. ಏಳಿಂಚಿನ ರಿಮ್ಮಿನ ಮೇಲೆ ಕೂತ ಟೈರು ಹಾಗೆ ಹೊರಳೋದಿಲ್ಲ. ಇದನ್ನು ಅವಳು ಇಷ್ಟು ದಿನ ಯಾಕೆ ನೋಡಲಿಲ್ಲ ಅಂದರೆ, ನೋಡಿದ್ದಳು. ಹೋದ ಸಲವೂ ಕಂಡಿತ್ತು. ನಿನ್ನ ಕೈಯ ಅವಸರ ಟೈರನ್ನು ತಿಂದಿದೆ ನೋಡು ಅಂದಿದ್ದ ಸೋಮಶೇಖರ. ಅವಳು ನಾಚಿಕೊಂಡಿದ್ದಳು.

ರಿಮ್ಮಿನ ಅಗಲ ಅದರ ಬೆನ್ನಿನ ಮೇಲೆ ಅಚ್ಚಾಗಿರುತ್ತೆ. ಚಕ್ರ ಬಿಚ್ಚದೆ ಕಾಣೋದಿಲ್ಲ. ಎದುರಿಂದ ನೋಡಿದರೆ ಒಂದೇ ಅಚ್ಚಿನ ರಿಮ್ಮುಗಳು, ಐದೂವರೆಯದೂ ಏಳರದೂ, ಅಣ್ಣತಮ್ಮಂದಿರ ಮುಖದ ಹಾಗೆ ಒಂದೇ ಥರ. ಅದರ ಮೇಲೆ ಹೊಸ ಕಪ್ಪು ಬಣ್ಣ, ವಿಭೂತಿ, ಸೇವಂತಿಗೆ.

ಅವಳು ಜಾಕ್ ತೆಗೆದಳು. ತೆಗೆದು ಒಂದು ಕ್ಷಣ ಹಾಗೇ ನಿಂತಳು. ಅತ್ತೆಯ ಬೆರಳು ಎಳೆದ ಮೂರು ಗೆರೆ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಪೂಜೆ ಆದ ಗಾಡಿ. ಮನೆ ಸೇರುವ ತನಕ ಬಿಚ್ಚಬಾರದು. ಎಲ್ಲ ವರ್ಷ ಇದ್ದ ಕಟ್ಟಲೆ ಈ ವರ್ಷ ಎಷ್ಟು ಅನುಕೂಲವಾಗಿ ಒದಗಿತ್ತು ಅನ್ನೋದು ಅವಳಿಗೆ ಆಗ ಹೊಳೆಯಿತು. ಹಿಂದಿನ ದಿನ ಹಾಕಿ ತರೋದು, ಬೆಳಿಗ್ಗೆ ಪೂಜೆ, ಮಾರನೇ ದಿನ ಅವನೇ ಬಿಚ್ಚೋದು. ಚಕ್ರದ ಬೆನ್ನು ಅವಳ ಕಣ್ಣಿಗೆ ಬೀಳಲು ಯಾವ ಸಂದೂ ಉಳಿದಿರಲಿಲ್ಲ. ಅವಳು ಸೇವಂತಿಗೆಯನ್ನು ತೆಗೆದು ಸೀಟಿನ ಮೇಲಿಟ್ಟು ಪಾನಾ ಹಾಕಿದಳು.

ಚಕ್ರ ಮಗುಚಿ ನೋಡಿದಳು. ಬೆನ್ನಿನ ಮೇಲೆ ಐದೂವರೆ ಅಂತ ಅಚ್ಚಾಗಿತ್ತು. ಇನ್ನೊಂದನ್ನೂ ಬಿಚ್ಚಿದಳು. ಅದೂ ಅದೇ.

ಆಗಲೂ ಅವಳ ಮನಸ್ಸು ಗಂಡನ ಪರ ವಾದ ಮಾಡುತ್ತಿತ್ತು. ಅಂಗಡಿಯಲ್ಲಿ ನೂರು ರಿಮ್ಮು ಬಿದ್ದಿರುತ್ತೆ. ಬಣ್ಣ ಹೊಡೆಯೋಕೆ ಕಳಿಸಿದ ಕಡೆ ಅದಲುಬದಲು ಆಗಿರಬಹುದು. ಯಾರು ಬೇಕಾದರೂ ಎಡವಬಹುದು. ತಪ್ಪಾಯ್ತು ಅಂತ ಅವನೇ ಬಂದು ತಲೆ ಚಚ್ಚಿಕೊಳ್ಳುತ್ತಾನೆ, ಇಬ್ಬರೂ ನಗುತ್ತೇವೆ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ತ್ರಿವೇಣಿಯ ಕಾರಿನ ಹತ್ತಿರ ಹೋಗಿ, ಯಾಕೆ ಅಂತ ಗೊತ್ತಿಲ್ಲದೆ, ಆ ಹಳದಿ ರಿಮ್ಮಿನ ಮೇಲೆ ಕೈಯಾಡಿಸಿದಳು. ರಿಮ್ಮಿನ ಕಡ್ಡಿಯೊಂದರ ಅಂಚಿನಲ್ಲಿ ಬೆರಳಿಗೆ ಒಂದು ಕಚ್ಚು ಸಿಕ್ಕಿತು. ಮೇಲೆ ಬಣ್ಣ ಬಳಿದಿದ್ದರೂ ಒಳಗಿನ ಗಾಯ ತುಂಬಿರಲಿಲ್ಲ. ಎರಡು ವರ್ಷದ ಹಿಂದೆ ಊರ್ಡಿಗೆರೆಯಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ಹೋಗುವಾಗ, ಅವಸರಕ್ಕೆ ಟ್ರ್ಯಾಕಿನ ಚಕ್ರದಲ್ಲೇ ಹೊರಟು, ಮೈಲಿಗಲ್ಲಿಗೆ ತಾಗಿಸಿದ ಕಚ್ಚು ಅದು. ಅವತ್ತು ಇಬ್ಬರೂ ಸೇರಿ ಅರದಲ್ಲಿ ಉಜ್ಜಿದ್ದರು.

"ಈ ರಿಮ್ಮು ಎಲ್ಲಿಂದ ತಂದೆ?" ಅಂತ ಕೇಳಿದಳು.

ತ್ರಿವೇಣಿಯ ಕೈಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು. "ಸೋಮಣ್ಣನೇ ಕೊಟ್ಟಿದ್ದು ಕಣಕ್ಕಾ, ಯುಗಾದಿ ಕಳೆದ್ಮೇಲೆ. ಅಕ್ಕಂಗೆ ಇವು ಬ್ಯಾಡ ಆದ್ವು, ಅವಳಿಗೆ ಮೊದ್ಲಿನಂಗೆ ಆಗ್ತಿಲ್ಲ, ನಿಧಾನಕ್ಕೆ ಬುಡ್ತಾವ್ಳೆ ಅಂದ್ರು. ಅದ್ರ ಸುದ್ದಿ ಎತ್ತಬ್ಯಾಡ, ಬೇಜಾರ್ ಮಾಡ್ಕೋತಾಳೆ ಅಂತ್ಲೂ ಅಂದ್ರು. ಅದ್ಕೇ ನಾನು ಬಾಯಿ ಬುಡ್ಲಿಲ್ಲ. ಯಾಕಕ್ಕಾ, ನಿಂಗೊತ್ತಿಲ್ವಾ?"

ಯುಗಾದಿ ಕಳೆದ ಮೇಲೆ. ಅಂದರೆ ಮೊದಲನೇ ಪಂದ್ಯಕ್ಕೂ ಮುಂಚೆ. ಅವಳು ಸೋಲೋದಕ್ಕೂ ಮುಂಚೆಯೇ ಅವಳು ಸೋತ ಸುದ್ದಿಯನ್ನು ಅವನು ಕುಣಿಗಲ್‌ಗೆ ಮುಟ್ಟಿಸಿದ್ದ.

ಸುಮನಾ ಅಳಲಿಲ್ಲ. ಬಿಚ್ಚಿಟ್ಟ ಚಕ್ರದ ಮೇಲೆಯೇ ಕೂತಳು. ತ್ರಿವೇಣಿಗೆ ಪೂರ್ತಿ ತಿಳಿಯದಿದ್ದರೂ ಅರ್ಧ ತಿಳಿಯಿತು. ಅವಳು ಅದನ್ನು ಕೆದಕಲು ಹೋಗಲಿಲ್ಲ. ಮಧ್ಯಾಹ್ನದ ಸರದಿಯಲ್ಲಿ ತನ್ನದು ಮೊದಲು, ಅಕ್ಕನದು ಕೊನೆ, ತಾನು ಓಡಿ ಬಂದಮೇಲೆ ಈ ನಾಲ್ಕು ಚಕ್ರ ಅಕ್ಕನ ಕಾರಿಗೆ ಹಾಕೋಣ, ನಿನ್ ಕಾಲಿನ್ ಕೆರ ನಿಂಗೇ ಇರ್ಲಿ ಅಂದಳು. ಹಾಗೆ ಮಾಡಿದರೆ ನಿನ್ನ ಜಾಗ ಹೋಗಬಹುದು ಅಂತ ಸುಮನಾ ಎಚ್ಚರಿಸಿದಳು. ಹೋದ್ರೆ ಹೋಗ್ಲಿ, ಸಾಲದ ಕುದುರೆ ಮೇಲೆ ಗೆದ್ದೆ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ ಅಂತ ತ್ರಿವೇಣಿ ತನ್ನ ಹೆಲ್ಮೆಟ್ ಎತ್ತಿಕೊಂಡಳು.

ಸೋಮಶೇಖರ ಊಟದ ಪೊಟ್ಟಣ ಹಿಡಿದು ಬಂದಾಗ ಕಾರು ನಾಲ್ಕೂ ಕಡೆ ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಾಲ್ಕು ಕಪ್ಪು ಚಕ್ರಗಳು ಹುಲ್ಲಿನ ಮೇಲೆ ಬೋರಲಾಗಿ ಬೆನ್ನು ತೋರಿಸಿ ಮಲಗಿದ್ದವು. ಅವನು ಚಕ್ರ ನೋಡಿದ, ಹೆಂಡತಿಯನ್ನು ನೋಡಿದ. ಅವಳು ಏನನ್ನೂ ಕೇಳುವ ಮೊದಲೇ ಅವನ ಬಾಯಿಂದ ಮಾತು ಬಂತು.

"ಕಂಪನಿ ಪುಸ್ತಕದಲ್ಲಿ ಇನ್ನೂರೈದರ ಟೈರು ಐದೂವರೆ ರಿಮ್ಮಿನ ಮೇಲೂ ಕೂರುತ್ತೆ ಅಂತಾನೇ ಇದೆ, ಸುಮಿ."

ಅಷ್ಟು ಸಾಕಾಯಿತು. ಅದಲುಬದಲಾಗಿರಬಹುದು ಅನ್ನುವ ಒಂದು ಎಳೆ ಅವಳ ಮನಸ್ಸಿನಲ್ಲಿ ಇನ್ನೂ ಇತ್ತು, ಆ ಮಾತಿಗೆ ಅದೂ ಹರಿಯಿತು.

"ಕೂರುತ್ತೆ, ಬೀದಿಗೆ," ಅಂದಳು. "ಅದನ್ನ ನನಗೆ ಹೇಳಿಕೊಟ್ಟೋರು ನೀವೇ."

ಅವನು ಪೊಟ್ಟಣ ಕೆಳಗಿಟ್ಟ. ಹೋದ ವರ್ಷ ಒಂದು ಸಲ ಇಲ್ಲೇ ಮೂರನೇ ತಿರುವಿನಲ್ಲಿ ಅವಳ ಕಾರು ಗಿರ್ರನೆ ತಿರುಗಿ ಹುಲ್ಲಿಗೆ ಹೋಗಿದ್ದನ್ನು ಎತ್ತಿದ. ಅವತ್ತಿನಿಂದ ತನಗೆ ಹೆದರಿಕೆ, ನಿದ್ದೆ ಇಲ್ಲ, ಬೇಡ ಅಂದರೆ ಅವಳು ಕೇಳುವವಳಲ್ಲ, ತಾನಾಗಿ ಬಿಡಲಿ ಅಂತ ಹೀಗೆ ಮಾಡಿದ್ದು, ಅಪಾಯ ಆಗದ ಹಾಗೆ ಗಾಳಿಯನ್ನೂ ಲೆಕ್ಕ ಹಾಕಿ ತುಂಬಿದ್ದೇನೆ ಅಂದ. ಎಂದಿನ ಅದೇ ಮೆತ್ತಗಿನ ದನಿ. ಸುಮನಾ ಪೂರ್ತಿ ಕೇಳಿದಳು. ಕೇಳಿದಮೇಲೆ, ಹೆದರಿದವರು ಟೈರನ್ನೂ ಕಿರಿದಾದದ್ದೇ ಹಾಕ್ತಾರೆ, ಹೋಗಬೇಡ ಅಂತ ಕಾಲು ಹಿಡೀತಾರೆ, ಮೇಲೆ ಅಗಲದ ಟೈರು ತೋರಿಸಿ ಒಳಗೆ ಕಿರಿದಾದ ರಿಮ್ಮು ಬಚ್ಚಿಡೋದಿಲ್ಲ ಅಂದಳು.

 ಅತ್ತ ಟ್ರ್ಯಾಕಿನಲ್ಲಿ ತ್ರಿವೇಣಿಯ ಕಾರು ಕೂಗುತ್ತಾ ಸುತ್ತುತ್ತಿತ್ತು.

"ಅಂಗಡಿಗೆ ಬರೋರೆಲ್ಲ ಮೇಡಂ ಹೇಗಿದಾರೆ, ಮೇಡಂ ಟೈಮೆಷ್ಟು ಅಂತಾರೆ," ಅಂದ ಸೋಮಶೇಖರ. "ನೀವು ಪಾನಾ ಹಿಡ್ಕೊಂಡೇ ಇರಿ ಸೋಮಣ್ಣ, ಸ್ಟೀರಿಂಗ್ ಅವರ ಹತ್ರ ಇರ್ಲಿ ಅಂತ ನಗ್ತಾರೆ. ನಿನಗೆ ಚಕ್ರ ಹಾಕಿದೋನು ನಾನು. ನನ್ನನ್ನ ಯಾರು ಕೇಳ್ತಾರೆ?"

"ಬೇಡ ಅಂತ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನಾನು ಕೆಟ್ಟೋನಾಗ್ತಿದ್ದೆ."

"ಅದಕ್ಕೆ ನನ್ನ ಕೈ ಕೆಟ್ಟದ್ದಾಯ್ತು," ಅಂದಳು ಸುಮನಾ.  ರಿಮ್ಮು ಬದಲಿಸಿದ್ದನ್ನು ಹೇಗೋ ನುಂಗಿಕೊಳ್ಳಬಹುದೇನೋ. ಊಟದ ತಟ್ಟೆ ಹಿಡಿಸಿ, ಹಿಂದೆ ನಿಂತು, ಕಿವಿಯ ಹತ್ತಿರ ಮೆಲ್ಲಗೆ ಮೆಲ್ಲಗೆ ಅಂದಿದ್ದನಲ್ಲ, ಅದು ಇಳಿಯುತ್ತಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಜೊತೆಗೆ ಬಂದು, ಅಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಅವಳು ಒಂದೊಂದೇ ಓದುವಾಗ ಬೆಂಚಿನ ಮೇಲೆ ಕೂತು ಕಾದಿದ್ದನಲ್ಲ, ಅದು.

ತ್ರಿವೇಣಿ ಓಡಿ ಬಂದಳು. ಚಕ್ರಗಳು ಇನ್ನೂ ಬಿಸಿ ಇದ್ದವು. ಇಬ್ಬರೂ ಹೆಂಗಸರು ಸೇರಿ ಅವನ್ನು ಬಿಚ್ಚಿ ಸುಮನಾಳ ಕಾರಿಗೆ ಏರಿಸಿದರು. ನಟ್ಟು ಬಿಗಿಮಾಡುವ ಹೊತ್ತಿಗೆ ಸೋಮಶೇಖರ ಅಭ್ಯಾಸದಂತೆ ಮುಂದೆ ಬಂದು, ಬಿಗಿತ ತೋರಿಸುವ ಉದ್ದನೆಯ ಪಾನಾಕ್ಕೆ ಕೈ ಚಾಚಿದ. ಆರು ವರ್ಷದಿಂದ ಅವಳ ಕಾರಿನ ಕೊನೆಯ ಬಿಗಿತ ಅವನ ಕೈಯದೇ. ಸುಮನಾ ಪಾನಾವನ್ನು ತನ್ನ ಮೊಣಕಾಲಿನ ಪಕ್ಕಕ್ಕೆ ಎಳೆದುಕೊಂಡಳು. ಅವನು ಚಾಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದೆ ಸರಿದ. ಪಾನಾ ಟಕ್ ಟಕ್ ಅನ್ನುತ್ತಾ ಅವಳ ಕೈಯಲ್ಲಿ ಚಕ್ರದಿಂದ ಚಕ್ರಕ್ಕೆ ಹೋಯಿತು.

ಓಟದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಮೊದಲ ತಿರುವಿನಲ್ಲೇ ಅವಳಿಗೆ ಗೊತ್ತಾಯಿತು. ಕೈ ಅಲ್ಲಾಡಿದ ಕೂಡಲೆ ಕಾರು ಅಲ್ಲಾಡಿತು. ನಡುವೆ ಯೋಚನೆ ಇರಲಿಲ್ಲ, ಅಂಟು ಇರಲಿಲ್ಲ. ಇಷ್ಟು ತಿಂಗಳು ಅವಳು ಬೈದುಕೊಂಡ, ತಿದ್ದಿಕೊಂಡ, ಸಂಶಯಪಟ್ಟ ಎರಡು ಕೈಗಳು ಅವೇ, ಹೋದ ವರ್ಷದವೇ. ಎರಡನೇ ತಿರುವಿನಲ್ಲಿ ಒಂದು ತಪ್ಪನ್ನೂ ಮಾಡಿದಳು, ಬೇಗ ಬ್ರೇಕು ತುಳಿದಳು, ಮೆತ್ತಗೆ ಮಾಡಿ ಮಾಡಿ ಹತ್ತಿಕೊಂಡ ಚಾಳಿ. ಆದರೂ ಬೋರ್ಡಿನಲ್ಲಿ ಅವಳ ಹೆಸರು ಎರಡನೆಯದಾಗಿ ಬಂತು, ತ್ರಿವೇಣಿಯದು ಮೂರಕ್ಕೆ ಇಳಿಯಿತು. ತ್ರಿವೇಣಿ ಶಿಳ್ಳೆ ಹಾಕಿದಳು. ಬೇಲಿಯ ಆ ಕಡೆ ಸೋಮಶೇಖರ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಸುಮನಾ ಹೆಲ್ಮೆಟ್ಟನ್ನು ತೆಗೆಯದೆ ಸ್ವಲ್ಪ ಹೊತ್ತು ಕಾರಿನಲ್ಲೇ ಕೂತಿದ್ದಳು. ಬಿಡಬೇಕಾಗಿಲ್ಲ ಅನ್ನೋದು ಖಾತ್ರಿಯಾಗಿತ್ತು. ಅದನ್ನು ಓಡಿಹೋಗಿ ಹೇಳಬೇಕು ಅನ್ನಿಸುತ್ತಿದ್ದ ಮನುಷ್ಯನೇ ಇರಲಿಲ್ಲ.

ತ್ರಿವೇಣಿ ಮನೆಗೆ ಹೋಗೋಕೆ ಚಕ್ರ ಬೇಕಲ್ಲ. ಸುಮನಾ ಬಹುಮಾನಕ್ಕೆ ಕರೆದರು ಅಂತ ಹೋಗಿ ಬರುವಷ್ಟರಲ್ಲಿ, ಸೋಮಶೇಖರ ಹಳದಿ ಚಕ್ರಗಳನ್ನು ಬಿಚ್ಚಿ ತ್ರಿವೇಣಿಯ ಕಾರಿಗೆ ಹಾಕಿ, ಕಪ್ಪು ಚಕ್ರಗಳನ್ನು ಇವಳ ಕಾರಿಗೆ ಹಾಕಿ ಮುಗಿಸಿದ್ದ. ಪಾನಾ ಒರೆಸಿ ಪೆಟ್ಟಿಗೆಯಲ್ಲಿಟ್ಟಿದ್ದ. ಪ್ರತಿ ಪಂದ್ಯದ ಕೊನೆಗೆ ಮಾಡುವ ಹಾಗೆ ಅವಳಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ. ಅವಳು ಬಾಟಲಿ ತಗೊಂಡಳು. ಚಕ್ರಗಳನ್ನು ನೋಡಿದಳು.

ಅವಳೇ ಓಡಿಸಿದಳು. ಅವನು ಪಕ್ಕದಲ್ಲಿ ಕೂತ. ಬೀದಿಯಲ್ಲಿ ಆ ಚಕ್ರಗಳು ಏನೂ ತೊಂದರೆ ಮಾಡಲಿಲ್ಲ, ಹಳ್ಳ ಬಂದ ಕಡೆ ಮೆತ್ತಗೆ ಇಳಿದು ಮೆತ್ತಗೆ ಎದ್ದವು. ಸ್ವಲ್ಪ ದೂರ ಹೋದಮೇಲೆ ಅವನು, ಅಮ್ಮನಿಗೆ ಏನಂತ ಹೇಳೋದು ಅಂತ ಕೇಳಿದ. ಅವಳು ಗೇರು ಬದಲಿಸಿದಳು. ಏಳಿಂಚಿನ ರಿಮ್ಮು ಹೊಸದು ತರಿಸ್ತೀನಿ, ನಾಳೆಯೇ ಆರ್ಡರ್ ಕೊಡ್ತೀನಿ ಅಂದ.  ಅವಳ ಕಿವಿಯೆಲ್ಲ ಎಡಗಡೆಯ ಮುಂದಿನ ಚಕ್ರದ ಕಡೆ ಇತ್ತು. ಸದ್ದೇನೂ ಇರಲಿಲ್ಲ. ಸದ್ದಿಲ್ಲದೆ ಇರೋದೂ ಅವಳಿಗೆ ಈಗ ಸಾಲುತ್ತಿರಲಿಲ್ಲ.

ಕುಣಿಗಲ್ ಪೇಟೆ ಬಂತು. ಬಸ್ ಸ್ಟ್ಯಾಂಡಿನ ಆಚೆ ರಾಮಾಂಜಿನಯ್ಯನ ಟೈರಿನ ಅಂಗಡಿ. ಅವನು ಸೋಮಶೇಖರನಿಗೆ ಚೆನ್ನಾಗಿ ಗೊತ್ತಿದ್ದವನು, ಒಂದೇ ಕಸುಬು, ಒಂದೇ ಸಂಘ. ಸುಮನಾ ಕಾರನ್ನು ನೇರ ಅಂಗಡಿಯ ಮುಂದೆ ತಂದು ನಿಲ್ಲಿಸಿ ಇಳಿದಳು. ರಾಮಾಂಜಿನಯ್ಯ ಕೈ ಒರೆಸಿಕೊಂಡು ಬಂದವನು, ಪಕ್ಕದ ಸೀಟಿನಲ್ಲಿದ್ದ ಸೋಮಶೇಖರನನ್ನು ನೋಡಿ ತಬ್ಬಿಬ್ಬಾಗಿ ನಕ್ಕ.

"ಏನ್ ಸೋಮಣ್ಣ, ದಾರಿ ತಪ್ಪಿ ಬಂದ್ರಾ? ನಿಮ್ ಗಾಡಿಗೆ ನಾನು ಕೈ ಹಾಕೋದಾ?"

ಸೋಮಶೇಖರ ಹೆಂಡತಿಯ ಮುಖ ನೋಡಿದ. ಪಾನಾ ಮರೆತು ಬಂದ್ವಿ ಅಂತಲೋ, ಸುಮ್ಮನೆ ಕಾಫಿಗೆ ನಿಲ್ಲಿಸಿದ್ವಿ ಅಂತಲೋ ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು. ನಾಲ್ಕು ಜನರ ಮುಂದೆ ಗಂಡಹೆಂಡಿರು ಒಬ್ಬರಿಗೊಬ್ಬರು ಮುಚ್ಚಿಕೊಡುವ ಸಣ್ಣ ಮಾತು. ಅವಳು ಅದನ್ನು ಕೊಡಲಿಲ್ಲ.

"ನಾಲ್ಕೂ ಚಕ್ರದ ನಟ್ಟು ನೋಡಬೇಕಿತ್ತು," ಅಂದಳು. "ಹಾಕಿದ್ದು ಇವರು."

ರಾಮಾಂಜಿನಯ್ಯನ ನಗು ಮೆಲ್ಲಗೆ ಆರಿತು. ಅವನು ಇಬ್ಬರನ್ನೂ ನೋಡಿ, ಮತ್ತೇನೂ ಕೇಳದೆ ಪಾನಾ ತಂದು ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ಅಂಗಡಿಯ ಬೆಂಚಿನಲ್ಲಿ ಕೂತಿದ್ದವರು ಮಾತು ನಿಲ್ಲಿಸಿ ಈ ಕಡೆ ತಿರುಗಿದರು. ಸೋಮಶೇಖರ ಕಾರಿನಿಂದ ಇಳಿಯಲಿಲ್ಲ. ಎದುರುಗಡೆ ಬಸ್ಸು ಹತ್ತುವವರನ್ನು ನೋಡುತ್ತಾ ಕೂತ.

ಒಂದೊಂದೇ ನಟ್ಟು ನೋಡಿ ರಾಮಾಂಜಿನಯ್ಯ ತಲೆ ಎತ್ತಿದ. "ಎಲ್ಲಾ ಸರಿಯಾಗೇ ಇದೆಯಲ್ಲಮ್ಮ. ಇಷ್ಟು ನೀಟಾಗಿ ನಮ್ ಕಡೆ ಯಾರೂ ಬಿಗಿಯಲ್ಲ."

"ಸರಿ," ಅಂದಳು ಸುಮನಾ. "ಹಿಂದಿನದೂ ನೋಡಿ."